ಕಲಿಯುವವರ ಹ್ಯಾಂಗ್ ಗ್ಲೈಡರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹ್ಯಾಂಗ್ ಗ್ಲೈಡಿಂಗ್, ಅಂದರೆ ಎಂಜಿನ್ ಇಲ್ಲದ ಬಟ್ಟೆಯ ರೆಕ್ಕೆಯ ಕೆಳಗೆ ತೂಗಿಕೊಂಡು ಹಾರುವ ಆಟದ, ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದನ್ನೇ: ಹೊಸಬರ ಕೈಗೆ ಕೊಡುವ ಗ್ಲೈಡರ್ ಹೇಗಿರಬೇಕು, ಏಕೆ ಹಾಗಿರಬೇಕು? ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಕಲಿಕೆಯ ಗ್ಲೈಡರ್ ಅಂದರೆ ಸ್ಪರ್ಧೆಯ ಗ್ಲೈಡರಿನ ಅಗ್ಗದ ಮಾದರಿಯೇ? ಚಿತ್ರಗಳಲ್ಲಿ ನೋಡಿದರೆ ಅಡ್ಡಕೊಳವೆ ಹೊರಗೇ ಕಾಣುತ್ತದೆ, ತಂತಿಗಳು ಎಲ್ಲೆಂದರಲ್ಲಿ. ಇಷ್ಟೊಂದು ಗಾಳಿಯ ತಡೆಯನ್ನು ಯಾಕೆ ಉಳಿಸಿಕೊಳ್ಳುತ್ತಾರೆ?
— ಓದುಗರು, ಹುಬ್ಬಳ್ಳಿ

ಉತ್ತರ: ಅಗ್ಗದ್ದೆನ್ನುವುದು ನಿಜ, ಕೀಳೆನ್ನುವುದು ಸುಳ್ಳು. ವಿಲ್ಸ್ ವಿಂಗ್ ಕಂಪನಿಯ ಫಾಲ್ಕನ್, ಮೋಯೆಸ್‌ನ ಮಾಲಿಬು, ಏರೋಸ್‌ನ ಟಾರ್ಗೆಟ್, ಏರ್‌ಬೋರ್ನ್‌ನ ಫನ್ ಇವೆಲ್ಲ ಒಂದೇ ಪದರದ ಬಟ್ಟೆಯ ರೆಕ್ಕೆಗಳು. ಸ್ಪರ್ಧೆಯ ಗ್ಲೈಡರಿನಲ್ಲಿ ಮೇಲೊಂದು, ಕೆಳಗೊಂದು ಎರಡು ಪದರಗಳಿರುತ್ತವೆ; ಅಡ್ಡಕೊಳವೆ, ಅಂದರೆ ಕ್ರಾಸ್‌ಬಾರ್, ಅವುಗಳ ನಡುವೆ ಅಡಗಿರುತ್ತದೆ. ಒಂದೇ ಪದರ ಇರುವಲ್ಲಿ ಅದು ಗಾಳಿಗೆ ಎದುರಾಗಿ ನಿಲ್ಲುತ್ತದೆ. ಅದರಿಂದ ಹುಟ್ಟುವ ತಡೆ ವೇಗದ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹೊಸಬರು ಗಾಬರಿಯಲ್ಲಿ ಕೈಯಲ್ಲಿ ಹಿಡಿದ ಬಾರನ್ನು ಎದೆಗೆ ಎಳೆದುಕೊಂಡರೂ ರೆಕ್ಕೆ ಒಂದು ಮಿತಿ ದಾಟಿ ಓಡುವುದಿಲ್ಲ. ಇಲ್ಲಿ ಆ ತಡೆ ಬೇಕೆಂದೇ ಉಳಿಸಿಕೊಂಡದ್ದು.

ಎರಡನೆಯ ಲಾಭ ಇಳಿಯುವಾಗ ಸಿಗುತ್ತದೆ. 1960–70ರ ದಶಕದ ಹಳೆಯ ರೊಗಾಲೊ ರೆಕ್ಕೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 4 ಮೀಟರ್ ಮುಂದೆ ಹೋಗುತ್ತಿತ್ತು. ಇಂದಿನ ಒಂದು ಪದರದ ರೆಕ್ಕೆ ಹತ್ತಿರ ಹತ್ತಿರ 10 ಮೀಟರ್, ಸ್ಪರ್ಧೆಯದ್ದು 15 ಮೀಟರ್ ಹೋಗುತ್ತದೆ. ಹದಿನೈದು ಮೀಟರ್ ಎತ್ತರದಲ್ಲಿ ಬಯಲಿನ ಅಂಚಿಗೆ ಬಂದಿದ್ದೀರಿ ಎನ್ನಿ. ಒಂದು ಪದರದ ರೆಕ್ಕೆಗೆ 150 ಮೀಟರ್ ಉದ್ದದ ಬಯಲು ಸಾಕು, ಸ್ಪರ್ಧೆಯದ್ದಕ್ಕೆ 225 ಬೇಕು. ನೆಲದ ಹತ್ತಿರ ರೆಕ್ಕೆ ಇನ್ನಷ್ಟು ತೇಲುವುದರಿಂದ ವಾಸ್ತವದಲ್ಲಿ ಎರಡಕ್ಕೂ ಇನ್ನೂ ಹೆಚ್ಚು ಜಾಗ ಬೇಕಾಗುತ್ತದೆ. ಎತ್ತರವನ್ನು ಅಂದಾಜು ಮಾಡುವ ಕಣ್ಣು ಇನ್ನೂ ಪಳಗದವರಿಗೆ ಆ ಎಪ್ಪತ್ತೈದು ಮೀಟರ್ ಎಂದರೆ ಬೇಲಿಗೆ ಬಡಿಯುವುದಕ್ಕೂ ತಪ್ಪಿಸಿಕೊಳ್ಳುವುದಕ್ಕೂ ಇರುವ ಅಂತರ.

ಮೂರನೆಯದು ತಿರುಗುವ ಗುಣ. ಹ್ಯಾಂಗ್ ಗ್ಲೈಡರಿಗೆ ವಿಮಾನದಂತೆ ಚುಕ್ಕಾಣಿ ಇಲ್ಲ. ಕೆಳಗೆ ತೂಗುವ ಮನುಷ್ಯ ಎಡಕ್ಕೆ ಸರಿದರೆ ರೆಕ್ಕೆ ಎಡಕ್ಕೆ ವಾಲಬೇಕು. ಬರೀ ಮೈಭಾರದಿಂದ ಇದು ಚುರುಕಾಗಿ ಆಗದು. ಆದ್ದರಿಂದ ಕ್ರಾಸ್‌ಬಾರನ್ನು ಕೀಲ್‌ಗೆ, ಅಂದರೆ ನಡುವಿನ ಉದ್ದಕೊಳವೆಗೆ, ಬಿಗಿಯಾಗಿ ಕಟ್ಟದೆ ಅತ್ತಿತ್ತ ಸರಿಯಲು ಬಿಟ್ಟಿರುತ್ತಾರೆ. ಭಾರ ಎಡಕ್ಕೆ ಬಿದ್ದಾಗ ಕೀಲ್ ಕೆಲವು ಸೆಂಟಿಮೀಟರ್ ಜರುಗುತ್ತದೆ. ಎಡಭಾಗದ ಬಟ್ಟೆ ಸಡಿಲಾಗಿ ಉಬ್ಬುತ್ತದೆ, ಬಲಭಾಗದ್ದು ಬಿಗಿಯಾಗುತ್ತದೆ. ಎಡ ರೆಕ್ಕೆಯ ಎತ್ತುಬಲ ಕಡಿಮೆಯಾಗಿ ಅದು ವಾಲುತ್ತದೆ. ಬಟ್ಟೆ ಸಡಿಲವಿದ್ದಷ್ಟೂ ರೆಕ್ಕೆ ಮಾತು ಕೇಳುತ್ತದೆ. ಸ್ಪರ್ಧೆಯ ಗ್ಲೈಡರಿನಲ್ಲಿ ಹಾರುತ್ತಲೇ ಹಗ್ಗ ಎಳೆದು ಬಟ್ಟೆ ಬಿಗಿಮಾಡುವ ವ್ಯವಸ್ಥೆ ಇರುತ್ತದೆ. ಎಳೆದರೆ ಜಾರುವ ದೂರ ಹೆಚ್ಚುತ್ತದೆ, ತಿರುಗಿಸುವುದು ಕಷ್ಟವಾಗುತ್ತದೆ. ಕಲಿಯುವವರ ರೆಕ್ಕೆಯಲ್ಲಿ ಅದು ಇರಲೇಬಾರದು. ಬಿಗಿ ರೆಕ್ಕೆ ತಡವಾಗಿ ಪ್ರತಿಕ್ರಿಯಿಸುತ್ತದೆ. ಹೊಸಬರು ಸಾಲದೆಂದು ಇನ್ನಷ್ಟು ಸರಿಯುತ್ತಾರೆ. ಅದು ಒಮ್ಮೆಲೇ ವಾಲಿದಾಗ ಬೆದರಿ ಎದುರುದಿಕ್ಕಿಗೆ ಜಿಗಿಯುತ್ತಾರೆ. ಹೀಗೆ ಹೊಯ್ದಾಟ ಪ್ರತಿ ಸಲವೂ ದೊಡ್ಡದಾಗುತ್ತ ನೆಲಕ್ಕೆ ಬಡಿಯುವವರೆಗೆ ಹೋಗಬಹುದು.

ಪ್ರಶ್ನೆ: ನನ್ನ ತೂಕ 62 ಕೆ.ಜಿ. ರೆಕ್ಕೆ ದೊಡ್ಡದಾದಷ್ಟೂ ಸುರಕ್ಷಿತ ಎಂದು ಸ್ನೇಹಿತರು ಹೇಳುತ್ತಾರೆ. ಹಾಗಾದರೆ ಇರುವುದರಲ್ಲೇ ದೊಡ್ಡದನ್ನು ಆರಿಸಬೇಕೇ?
— ಓದುಗರು, ಬೆಂಗಳೂರು

ಉತ್ತರ: ಒಂದು ಹಂತದವರೆಗೆ ಮಾತ್ರ. ನೋಡಬೇಕಾದ ಸಂಖ್ಯೆ ಒಂದು ಚದರ ಮೀಟರ್ ರೆಕ್ಕೆಯ ಮೇಲೆ ಬೀಳುವ ಭಾರ. ಒಂದು ಪದರದ ಗ್ಲೈಡರ್‌ಗಳು ಅಳತೆಗೆ ತಕ್ಕಂತೆ 20ರಿಂದ 25 ಕೆ.ಜಿ. ತೂಗುತ್ತವೆ; ಹಾರ್ನೆಸ್ (ಮೈಯನ್ನು ರೆಕ್ಕೆಗೆ ತೂಗಿಸುವ ಪಟ್ಟಿಗಳ ಉಡುಪು), ಹೆಲ್ಮೆಟ್ ಸೇರಿ ಇನ್ನೊಂದು 5 ಕೆ.ಜಿ. ಎಂದುಕೊಳ್ಳಿ. ಫಾಲ್ಕನ್ನಿನ ಅಳತೆಗಳು ಚದರ ಅಡಿಯಲ್ಲಿ 145, 170, 195 ಎಂದಿವೆ, ಅಂದರೆ ಸುಮಾರು 13.5, 15.8, 18.1 ಚದರ ಮೀಟರ್. ನಿಮ್ಮ ತೂಕಕ್ಕೆ ಚಿಕ್ಕದರಲ್ಲಿ ಭಾರ 6.4 ಕೆ.ಜಿ., ನಡುವಿನದರಲ್ಲಿ 5.6, ದೊಡ್ಡದರಲ್ಲಿ 5 ಬರುತ್ತದೆ. ರೆಕ್ಕೆ ಎತ್ತುಬಲ ಕಳೆದುಕೊಳ್ಳುವ ವೇಗ, ಅಂದರೆ ಸ್ಟಾಲ್ ವೇಗ, ಈ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಬದಲಾಗುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ಸ್ಟಾಲ್ ವೇಗ ಸುಮಾರು ನೂರಕ್ಕೆ ಹನ್ನೆರಡರಷ್ಟು ಇಳಿಯುತ್ತದೆ.

ಈ ವರ್ಗದ ರೆಕ್ಕೆಗಳು ಗಂಟೆಗೆ ಸುಮಾರು 29 ಕಿ.ಮೀ. ವೇಗದಲ್ಲಿ ಸ್ಟಾಲ್ ಆಗುತ್ತವೆ. ಎದುರುಗಾಳಿ 15 ಕಿ.ಮೀ. ಇದ್ದರೆ ಉಳಿದ 14 ಕಿ.ಮೀ.ಯನ್ನು ನಿಮ್ಮ ಕಾಲೇ ಕೊಡಬೇಕು, ಸೆಕೆಂಡಿಗೆ 4 ಮೀಟರ್‌ನ ಓಟ. ಇಪ್ಪತ್ತು ಕೆ.ಜಿ. ಹೆಗಲ ಮೇಲಿಟ್ಟು ಇಳಿಜಾರಿನಲ್ಲಿ ಅದು ಸಾಧ್ಯ. ಗಾಳಿಯೇ ಇಲ್ಲದಿದ್ದರೆ ಸೆಕೆಂಡಿಗೆ 8 ಮೀಟರ್ ಓಡಬೇಕಾಗುತ್ತದೆ, ಅದು ಹೆಚ್ಚಿನವರ ಕಾಲಿಗೆ ಎಟುಕದು. ಮೇಲೇರಲು ಸ್ಟಾಲ್‌ಗಿಂತ ತುಸು ಹೆಚ್ಚೇ ವೇಗ ಬೇಕೆನ್ನುವುದನ್ನೂ ಸೇರಿಸಿಕೊಳ್ಳಿ.

ಬೆಂಗಳೂರಿನವರು ಇನ್ನೊಂದು ಲೆಕ್ಕ ಹಾಕಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, 30 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆ ಕಡಿಮೆ. ಕೈಪಿಡಿಯ 29 ಕಿ.ಮೀ. ಅಲ್ಲಿ ನಿಜಕ್ಕೂ 31ರ ಮೇಲಾಗುತ್ತದೆ. ಮಂಗಳೂರಿನ ಕಡಲ ದಂಡೆಯಲ್ಲಿ ಸಾಕಾಗುವ ಓಟ ದಖ್ಖನ್ ಪ್ರಸ್ಥಭೂಮಿಯ ಗುಡ್ಡದಲ್ಲಿ ಸಾಕಾಗದು. ಹೊಸಬರಿಗೆ ಬೆಳಗಿನ ತಂಪು ಹೊತ್ತನ್ನೇ ಆರಿಸುವುದಕ್ಕೆ ಇದೂ ಒಂದು ಕಾರಣ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯ ಉಬ್ಬರ ಇನ್ನೂ ದೊಡ್ಡ ಕಾರಣ.

ಹಾಗೆಂದು 62 ಕೆ.ಜಿ.ಯವರು ದೊಡ್ಡ ರೆಕ್ಕೆ ಹಿಡಿದರೆ ಬೇರೆ ತೊಂದರೆ. ತಿರುಗಿಸುವುದು ಮೈಭಾರ, ಆ ಭಾರವೇ ಕಡಿಮೆ. ಒಂದು ಬದಿಯನ್ನು ಗಾಳಿಯ ರಭಸ ಎತ್ತಿದರೆ ಹಗುರ ಮನುಷ್ಯ ಪೂರ್ತಿ ಸರಿದರೂ ಅದನ್ನು ಇಳಿಸಲಾಗದು. ಟೇಕಾಫ್ ಜಾಗದಲ್ಲಿ ಮೂತಿ ಎತ್ತಿಕೊಂಡ ರೆಕ್ಕೆಯನ್ನು ಹಿಡಿದು ನಿಲ್ಲಿಸುವುದೂ ಕಷ್ಟ. ನಿಮಗೆ 170ರ ಅಳತೆ ಸರಿ. ತಯಾರಕರು ಪ್ರತಿ ಅಳತೆಗೂ ಹಾರುವವರ ತೂಕದ ಮೇಲಿನ, ಕೆಳಗಿನ ಮಿತಿ ಮುದ್ರಿಸಿರುತ್ತಾರೆ. ಮಿತಿಯ ನಡುಭಾಗದಲ್ಲಿ ಬೀಳುವುದು ಒಳ್ಳೆಯದು. ಅಂಚಿನಲ್ಲಿದ್ದರೆ ಬೋಧಕರ ಮಾತು ಕೇಳಿ.

ಇದಕ್ಕೊಂದು ಅಪವಾದವಿದೆ. ವಿಲ್ಸ್ ವಿಂಗ್‌ನದೇ ಕಾಂಡೋರ್ 330 ಎಂಬ ರೆಕ್ಕೆ 30 ಚದರ ಮೀಟರಿಗೂ ದೊಡ್ಡದು. ಗುಡ್ಡದ ಬುಡದಲ್ಲಿ, ಮೆಲುಗಾಳಿಯಲ್ಲಿ, ನೆಲದಿಂದ ಹೆಚ್ಚು ಮೇಲೇಳದೆ ಮೊದಲ ಪಾಠ ಕಲಿಸಲೆಂದೇ ಮಾಡಿದ್ದು. ಅದರಲ್ಲಿ ನಿಧಾನ ಓಟಕ್ಕೇ ಕಾಲು ನೆಲ ಬಿಡುತ್ತದೆ. ಎತ್ತರದಿಂದ ಹಾರಲು ಅದು ತಕ್ಕದ್ದಲ್ಲ.

ಪ್ರಶ್ನೆ: ಮಗಳು ಇಲ್ಲಿನ ಕರಾವಳಿಯ ಮರಳು ದಿಬ್ಬಗಳಲ್ಲಿ ಹ್ಯಾಂಗ್ ಗ್ಲೈಡಿಂಗ್ ಕಲಿಯುತ್ತಿದ್ದಾಳೆ. ಇಳಿಯುವಾಗ ಮುಗ್ಗರಿಸಿ ಒಂದು ಬದಿಯ ಕೊಳವೆ ಬಾಗಿತು, ಅವಳಿಗೆ ಏನೂ ಆಗಲಿಲ್ಲ. ಇಷ್ಟು ಸುಲಭವಾಗಿ ಬಾಗುವ ಕೊಳವೆಯನ್ನು ಏಕೆ ಹಾಕುತ್ತಾರೆ? ಗಟ್ಟಿಯಾದದ್ದನ್ನು ಹಾಕಿಸಿಕೊಡಬಹುದೇ? ಮತ್ತೆ ಆ ಚಕ್ರಗಳು ಅಷ್ಟು ದಪ್ಪ ಏಕೆ?
— ಕನ್ನಡತಿ ಓದುಗರು, ನಾರ್ತ್ ಕ್ಯಾರೊಲೈನಾ

ಉತ್ತರ: ದಯವಿಟ್ಟು ಗಟ್ಟಿ ಕೊಳವೆ ಹಾಕಿಸಬೇಡಿ. ಬಾಗಿದ ಕೊಳವೆಯ ಹೆಸರು ಡೌನ್‌ಟ್ಯೂಬ್, ಹಾರುವವರ ಎದುರಿನ ತ್ರಿಕೋನದ ಎರಡು ಬದಿಗಳು. ಹಾರುವಾಗ ರೆಕ್ಕೆಯ ಹೊರೆ ಅದನ್ನು ಉದ್ದುದ್ದಕ್ಕೆ ಒತ್ತುತ್ತದೆ, ಆ ಒತ್ತಡವನ್ನು ಅದು ಚೆನ್ನಾಗಿಯೇ ತಾಳುತ್ತದೆ. ಅಡ್ಡದಿಂದ ಪೆಟ್ಟು ಬಿದ್ದರೆ ಮಾತ್ರ ಬಾಗುತ್ತದೆ. ನೆಲಕ್ಕೆ ಬಡಿದ ಶಕ್ತಿ ಎಲ್ಲಿಯಾದರೂ ಖರ್ಚಾಗಲೇಬೇಕು: ಕೊಳವೆ ಬಾಗದಿದ್ದರೆ ತೋಳಿನ ಮೂಳೆ ಮುರಿಯುತ್ತದೆ, ಇಲ್ಲವೇ ಲೀಡಿಂಗ್ ಎಡ್ಜ್ ಎಂಬ ಮುಂಭಾಗದ ದುಬಾರಿ ಕೊಳವೆ ಹೋಗುತ್ತದೆ. ಡೌನ್‌ಟ್ಯೂಬ್ ಬದಲಿಸುವುದು ಒಂದೆರಡು ಬೋಲ್ಟಿನ ಕೆಲಸ. ಶಾಲೆಗಳು ಅದನ್ನು ಕಟ್ಟುಕಟ್ಟಾಗಿ ತರಿಸಿಟ್ಟುಕೊಳ್ಳುತ್ತವೆ. ಬಾಗಿದ್ದನ್ನು ತಟ್ಟಿ ನೇರ ಮಾಡಿ ಮತ್ತೆ ಬಳಸುವುದು ಮಾತ್ರ ಸಲ್ಲದು. ಒಮ್ಮೆ ಬಾಗಿದ ಅಲ್ಯೂಮಿನಿಯಂ ಕೊಳವೆ ಮುಂದಿನ ಸಲ ಹಾರಾಟದ ಹೊರೆಗೇ ಅದೇ ಜಾಗದಲ್ಲಿ ಮಡಚಿಕೊಳ್ಳಬಹುದು.

ಮಗಳಿಗೆ ಒಂದು ಮಾತು ಹೇಳಿ. ಬೀಳುತ್ತಿದ್ದೇನೆ ಎಂದು ಅನಿಸಿದ ಕೂಡಲೇ ಡೌನ್‌ಟ್ಯೂಬನ್ನು ಬಿಗಿಯಾಗಿ ಹಿಡಿದು ತಡೆಯಲು ಹೋಗಬಾರದು. ಮೂತಿ ನೆಲಕ್ಕೆ ಕುಕ್ಕಿದಾಗ ಮೈ ಮುಂದಕ್ಕೆ ತೂಗುತ್ತದೆ. ಕೈ ಮಾತ್ರ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದರೆ ಮೇಲ್ತೋಳಿನ ಮೂಳೆ ತಿರುಚಿ ಮುರಿಯುತ್ತದೆ. ಈ ಆಟದಲ್ಲಿ ಪದೇಪದೇ ಕಾಣುವ ಗಾಯ ಇದು. ಕೈ ಬಿಟ್ಟು ತೋಳುಗಳನ್ನು ಎದೆಗೆ ಒತ್ತಿಕೊಳ್ಳಬೇಕು.

ಚಕ್ರಗಳು ಇರುವುದೇ ಇಂಥ ಕುಕ್ಕುವಿಕೆ ಆಗದಿರಲೆಂದು. ತ್ರಿಕೋನದ ಬುಡದ ಕೊಳವೆ ಬೇಸ್‌ಬಾರ್. ಅದು ನೆಲಕ್ಕೆ ತಾಗಿ ಗಕ್ಕನೆ ನಿಂತರೆ ರೆಕ್ಕೆ ಅದರ ಮೇಲೆ ಮುಂದಕ್ಕೆ ಮಗುಚುತ್ತದೆ. ಚಕ್ರವಿದ್ದರೆ ಉರುಳಿಕೊಂಡು ಹೋಗುತ್ತದೆ. ಹದಿನೈದು ಸೆಂಟಿಮೀಟರಿನ ಪುಟ್ಟ ಪ್ಲಾಸ್ಟಿಕ್ ಚಕ್ರ ಮರಳಿನಲ್ಲಿ ಹೂತುಕೊಳ್ಳುತ್ತದೆ, ಹುಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕಲಿಕೆಯ ಗ್ಲೈಡರಿಗೆ ಸುಮಾರು 30 ಸೆಂಟಿಮೀಟರ್ ಅಡ್ಡಳತೆಯ, ಗಾಳಿ ತುಂಬಿದ ಚಕ್ರ. ಗಾಳಿಯನ್ನು ತುಸು ಮೆತ್ತಗೆ ಇಟ್ಟರೆ ಮರಳಿನಲ್ಲಿ ಇನ್ನೂ ಒಳ್ಳೆಯದು. ಬೇಸ್‌ಬಾರ್ ದುಂಡಗಿನ ನೇರ ಕೊಳವೆಯಾಗಿರುವುದೂ ಇದಕ್ಕೇ. ಚಪ್ಪಟೆ ಕಾರ್ಬನ್ ಬಾರಿಗೆ ಈ ಚಕ್ರಗಳು ಕೂರುವುದಿಲ್ಲ. ನಿಮ್ಮ ರಾಜ್ಯದ ಆ ಮರಳಿನ ಮೇಲೆಯೇ 1900ರಿಂದ 1902ರವರೆಗೆ ರೈಟ್ ಸೋದರರು ತಮ್ಮ ಗ್ಲೈಡರ್‌ಗಳನ್ನು ಪರೀಕ್ಷಿಸಿದ್ದು. ಅಡೆತಡೆಯಿಲ್ಲದ ಕಡಲಗಾಳಿ, ಬಿದ್ದರೆ ಮೆತ್ತಗಿನ ನೆಲ ಇವೆರಡೂ ಇರುವ ಜಾಗವನ್ನು ಅವರು ಹುಡುಕಿಕೊಂಡೇ ಹೋಗಿದ್ದರು.

ಪ್ರಶ್ನೆ: ಆ ತ್ರಿಕೋನವನ್ನು ಮೊದಲು ಹಾಕಿದವರು ಯಾರು?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಬಟ್ಟೆಯ ಮೆತು ರೆಕ್ಕೆಯನ್ನು ರೂಪಿಸಿ 1948ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವರು ಅಮೆರಿಕದ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಪತ್ನಿ ಗರ್ಟ್ರೂಡ್. ಮನುಷ್ಯ ಅದರ ಕೆಳಗೆ ತೂಗಿಕೊಂಡು, ತ್ರಿಕೋನ ಚೌಕಟ್ಟನ್ನು ಹಿಡಿದು, ಮೈಭಾರ ಸರಿಸಿ ನಡೆಸುವ ವ್ಯವಸ್ಥೆಯನ್ನು 1963ರಲ್ಲಿ ಆಸ್ಟ್ರೇಲಿಯಾದ ಗ್ರಾಫ್ಟನ್ ಪಟ್ಟಣದಲ್ಲಿ ಜಾನ್ ಡಿಕನ್ಸನ್ ಮಾಡಿ ತೋರಿಸಿದರು. ದೋಣಿಯ ಹಿಂದೆ ಎಳೆಸಿಕೊಂಡು ನೀರಿನ ಮೇಲೆ ಹಾರುವ ರೆಕ್ಕೆಯದು. ಅವರಿಗೂ ಮೊದಲು ತೂಗುತ್ರಿಕೋನವನ್ನು ಬಳಸಿದವರು ಇದ್ದರೂ, ಇಂದಿನ ರೂಪ ಬೆಳೆದದ್ದು ಡಿಕನ್ಸನ್‌ರ ಗ್ಲೈಡರಿನಿಂದ. ಇವರಿಗೆಲ್ಲ ಬಹಳ ಮೊದಲು ಗ್ಲೈಡರ್ ಹಾರಿಸಿದ ಜರ್ಮನಿಯ ಆಟೊ ಲಿಲಿಯೆಂಥಾಲ್ ತೋಳುಗಳಿಂದ ನೇತಾಡಿಕೊಂಡು ಹಾರುತ್ತಿದ್ದರು. ಸೊಂಟದ ಕೆಳಗಿನ ಮೈಯನ್ನಷ್ಟೇ ಅತ್ತಿತ್ತ ತೂಗಿಸಲು ಆಗುತ್ತಿತ್ತು. 1896ರಲ್ಲಿ ಅವರ ಗ್ಲೈಡರ್ ಸ್ಟಾಲ್ ಆದಾಗ ಅದನ್ನು ಸರಿಪಡಿಸುವಷ್ಟು ಹಿಡಿತ ಅವರಿಗೆ ಸಿಗಲಿಲ್ಲ. ಪೂರ್ತಿ ಮೈಯನ್ನು ಸರಿಸಲು ಬಿಡುವ ತ್ರಿಕೋನದ ಬೆಲೆ ಇಲ್ಲಿ ತಿಳಿಯುತ್ತದೆ.

ಪ್ರಶ್ನೆ: ಮೂತಿ ಕೆಳಗಾಗಿ ಧುಮುಕಿದರೆ ರೆಕ್ಕೆ ತಾನಾಗಿ ಮೇಲೇಳುತ್ತದೆ ಎನ್ನುತ್ತಾರೆ. ಬಾಲವೇ ಇಲ್ಲದ ರೆಕ್ಕೆಗೆ ಇದು ಹೇಗೆ ಸಾಧ್ಯ?
— ಓದುಗರು, ಮೈಸೂರು

ಉತ್ತರ: ಇದು ಬಹಳ ಪ್ರಾಣ ತೆಗೆದ ಮೇಲೆ ಕಲಿತ ಪಾಠ. 1970ರ ದಶಕದ ರೆಕ್ಕೆಗಳಲ್ಲಿ ಮೂತಿ ಒಂದು ಮಿತಿಗಿಂತ ಕೆಳಗಾದರೆ ಬಟ್ಟೆ ಗಾಳಿ ಕಳೆದುಕೊಂಡು ಬಾವುಟದಂತೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಆಮೇಲೆ ಬಾರನ್ನು ಎಷ್ಟು ಹೊರಕ್ಕೆ ತಳ್ಳಿದರೂ ಅದು ಧುಮುಕುವುದು ನಿಲ್ಲುತ್ತಿರಲಿಲ್ಲ.

ಈಗಿನ ಕಲಿಕೆಯ ಗ್ಲೈಡರಿನ ಮೇಲೆ ಒಂದು ಕಂಬ ನಿಂತಿರುವುದನ್ನು ನೋಡಿರಬಹುದು. ಅದು ಕಿಂಗ್‌ಪೋಸ್ಟ್. ಅದರ ತುದಿಯಿಂದ ರೆಕ್ಕೆಯ ಹಿಂಬದಿಯ ಅಂಚಿಗೆ ತೆಳ್ಳನೆಯ ದಾರಗಳು ಬರುತ್ತವೆ, ಲಫ್ ಲೈನ್‌ಗಳು. ಸಹಜ ಹಾರಾಟದಲ್ಲಿ ಅವು ಸಡಿಲ. ಹಿಂಬದಿ ಅಂಚು ಗಾಳಿಯ ಒತ್ತಡಕ್ಕೆ ಮೇಲೆದ್ದಿರುತ್ತದೆ. ಮೂತಿ ಕೆಳಗಾಗಿ ಒತ್ತಡ ಹೋದಾಗ ಅಂಚು ಇಳಿಯಲು ನೋಡುತ್ತದೆ, ದಾರ ಬಿಗಿಯಾಗಿ ಅದನ್ನು ಮೇಲೇ ಹಿಡಿಯುತ್ತದೆ. ಮೇಲೆತ್ತಿದ ಆ ಅಂಚಿಗೆ ಬಡಿಯುವ ಗಾಳಿ ಹಿಂಬದಿಯನ್ನು ಕೆಳಕ್ಕೆ ಒತ್ತುತ್ತದೆ, ಮೂತಿ ಏಳುತ್ತದೆ. ಬಾಲದ ಕೆಲಸವನ್ನು ರೆಕ್ಕೆಯ ಹಿಂಬದಿಯೇ ಮಾಡಿದ ಹಾಗಾಯಿತು.

ಇದರ ಜೊತೆಗೆ ರೆಕ್ಕೆಯ ತುದಿಗಳು ನಡುಭಾಗಕ್ಕಿಂತ ತಗ್ಗಿದ ಕೋನದಲ್ಲಿ ತಿರುಚಿರುತ್ತವೆ. ವೇಗ ಕಡಿಮೆಯಾದಾಗ ನಡುಭಾಗ ಮೊದಲು ಸ್ಟಾಲ್ ಆಗುತ್ತದೆ. ತುದಿಗಳು ಹಿಂದಕ್ಕೆ ಬಾಗಿರುವುದರಿಂದ ಭಾರಕೇಂದ್ರದ ಹಿಂದಿರುತ್ತವೆ, ಅವು ಇನ್ನೂ ಎತ್ತುತ್ತಲೇ ಇರುತ್ತವೆ. ಹೀಗಾಗಿ ಮೂತಿ ಮೆಲ್ಲಗೆ ಇಳಿದು ವೇಗ ಮರಳುತ್ತದೆ. ಒಂದು ತುದಿ ಮೊದಲು ಸ್ಟಾಲ್ ಆಗಿ ಗಿರಕಿ ಹೊಡೆಯುವ ಗುಣ ಈ ವರ್ಗದ ರೆಕ್ಕೆಗಳಲ್ಲಿ ತೀರಾ ಕಡಿಮೆ.

ಕೆಟ್ಟದ್ದು ಆಗುವುದು ಹೀಗೆ: ದಾರ ಬಿಗಿಯಾಗಿ ಕಂಡಿತೆಂದು ಯಾರೋ ಗಂಟು ಸಡಿಲಿಸುತ್ತಾರೆ. ರೆಕ್ಕೆ ತುಸು ಚೆನ್ನಾಗಿ ಜಾರಿದಂತೆ ಅನಿಸುತ್ತದೆ, ಧುಮುಕಿದಾಗ ಎತ್ತುವವರಿಲ್ಲ. ಇಲ್ಲವೇ ಗ್ಲೈಡರ್ ಬಿಡಿಸಿ ಜೋಡಿಸುವಾಗ ಒಂದು ದಾರ ಬ್ಯಾಟನ್ನಿನ, ಅಂದರೆ ಬಟ್ಟೆಯೊಳಗಿನ ಆಕಾರ ಕೊಡುವ ಕಡ್ಡಿಯ, ತುದಿಗೆ ಸುತ್ತಿಕೊಂಡಿರುತ್ತದೆ. ಒಂದೇ ಬದಿ ಬಿಗಿಯಾಗಿ ಗ್ಲೈಡರ್ ಒಂದೇ ಕಡೆ ಎಳೆಯುತ್ತದೆ. ದಾರದ ಉದ್ದವನ್ನು ಕೈಪಿಡಿಯ ಅಳತೆಗೆ ಹೊಂದಿಸಿ, ಕಣ್ಣಂದಾಜಿಗೆ ಅಲ್ಲ.

ಈ ಗುಣಗಳನ್ನು ಕಾರ್ಖಾನೆಯ ಮಾತಿನ ಮೇಲೆ ನಂಬಬೇಕಿಲ್ಲ. ಅಮೆರಿಕದ ಎಚ್‌ಜಿಎಂಎ (ಹ್ಯಾಂಗ್ ಗ್ಲೈಡರ್ ತಯಾರಕರ ಸಂಘ), ಜರ್ಮನಿಯ ಡಿಎಚ್‌ವಿ (ಹ್ಯಾಂಗ್ ಗ್ಲೈಡಿಂಗ್ ಸಂಘ) ಪ್ರಮಾಣಪತ್ರ ಕೊಡುವ ಮುನ್ನ ರೆಕ್ಕೆಯನ್ನು ವಾಹನದ ಮೇಲೆ ಕಟ್ಟಿ ಓಡಿಸಿ, ಬೇರೆ ಬೇರೆ ವೇಗದಲ್ಲಿ ಮೂತಿ ಏಳುವ ಬಲವನ್ನು ಅಳೆಯುತ್ತವೆ. ಪ್ರಮಾಣಪತ್ರದ ಫಲಕ ಕೀಲ್ ಮೇಲೆ ಇಲ್ಲವೇ ಬಟ್ಟೆಯ ಮೇಲೆ ಇರುತ್ತದೆ. ಪ್ರಮಾಣಪತ್ರಕ್ಕೂ ಗಡಿಯಿದೆ. ಫಾಲ್ಕನ್ನಿನ ಕೈಪಿಡಿ ಮೂತಿಯನ್ನು ದಿಗಂತದಿಂದ 30 ಡಿಗ್ರಿಗಿಂತ ಮೇಲಕ್ಕಾಗಲಿ ಕೆಳಕ್ಕಾಗಲಿ ಒಯ್ಯಬಾರದು, 60 ಡಿಗ್ರಿಗಿಂತ ಹೆಚ್ಚು ವಾಲಿಸಬಾರದು ಎನ್ನುತ್ತದೆ.

ಪ್ರಶ್ನೆ: ಕಿಟಕಿಗೆ ಬಳಸುವ ಅಲ್ಯೂಮಿನಿಯಂ ಕೊಳವೆ, ಟಾರ್ಪಾಲಿನ್ ಹಾಕಿ ನಾವೇ ಮಾಡಿಕೊಳ್ಳಬಹುದೇ? ವೆಲ್ಡಿಂಗ್ ಬರುತ್ತದೆ.
— ಓದುಗರು, ದಾವಣಗೆರೆ

ಉತ್ತರ: ಬೇಡ. ಕಿಟಕಿಯ ಕೊಳವೆ 6063 ಮಿಶ್ರಲೋಹದ್ದು, ಸುಮಾರು 145 ಮೆಗಾಪಾಸ್ಕಲ್ ಒತ್ತಡಕ್ಕೆ ಶಾಶ್ವತವಾಗಿ ಬಾಗುತ್ತದೆ. ಗ್ಲೈಡರಿನ 6061-ಟಿ6 ಸುಮಾರು 275, 7075-ಟಿ6 ಸುಮಾರು 500 ಮೆಗಾಪಾಸ್ಕಲ್ ತಾಳುತ್ತದೆ. ಇವನ್ನು ವೆಲ್ಡ್ ಮಾಡಿದರೆ ಬಿಸಿ ತಾಗಿದ ಕಡೆ ಬಲ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಗ್ಲೈಡರಿನಲ್ಲಿ ಬೋಲ್ಟು, ಒಳಕೊಳವೆಗಳಿಂದಲೇ ಜೋಡಣೆ. ಟಾರ್ಪಾಲಿನ್ ಹಿಗ್ಗುತ್ತದೆ, ಎರಡು ಬದಿ ಎರಡು ರೀತಿ ಹಿಗ್ಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1970ರ ಆಸುಪಾಸಿನಲ್ಲಿ ಬಿದಿರು, ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿ ಹಾರಿದವರಿದ್ದರು. ಬಿದ್ದರೂ ಬದುಕುವಷ್ಟು ಎತ್ತರಕ್ಕಿಂತ ಹೆಚ್ಚು ಹಾರಬಾರದೆಂಬುದು ಅವರ ನಡುವೆಯೇ ಇದ್ದ ನಿಯಮ. ಕೈಕೆಲಸದ ಆಸೆಯಿದ್ದರೆ ಐದರಲ್ಲಿ ಒಂದು ಅಳತೆಯ ಮಾದರಿ ಮಾಡಿ, ಭಾರವನ್ನು ಹಿಂದೆ ಮುಂದೆ ಸರಿಸಿ ಹಾರಿಸಿ ನೋಡಿ. ಟ್ರಿಮ್ (ರೆಕ್ಕೆ ತಾನಾಗಿ ಸಮವೇಗದಲ್ಲಿ ಹಾರುವ ಸ್ಥಿತಿ), ಸ್ಟಾಲ್ ಎರಡೂ ಕಣ್ಣಿಗೆ ಕಾಣುತ್ತವೆ.

ಪ್ರಶ್ನೆ: ಬಳಸಿದ ಒಂದು ಪದರದ ಗ್ಲೈಡರ್ ಮಾರಾಟಕ್ಕಿದೆ. ತರಬೇತಿ ಮುಗಿಯುತ್ತಾ ಬಂದಿದೆ. ಏನೇನು ನೋಡಿ ಕೊಳ್ಳಬೇಕು?
— ಓದುಗರು, ಪುಣೆ

ಉತ್ತರ: ಬೋಧಕರನ್ನು ಜೊತೆಗೆ ಕರೆದುಕೊಂಡು ಹೋಗಿ, ಪೂರ್ತಿ ಬಿಚ್ಚಿ ಕಟ್ಟಿ ತೋರಿಸಲು ಮಾರುವವರಿಗೆ ಹೇಳಿ. ಚೀಲದಲ್ಲಿ ಮಡಚಿಟ್ಟದ್ದನ್ನು ನೋಡಿ ದುಡ್ಡು ಕೊಡಬೇಡಿ.

ಬಟ್ಟೆಯಿಂದ ಶುರುಮಾಡಿ. ರೆಕ್ಕೆಯ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಶತ್ರು ಬಿಸಿಲು. ಮೂತಿ ಹಾಗೂ ಕೀಲ್ ಸುತ್ತ, ಹೊಲಿಗೆ ಹೆಚ್ಚು ಬಿಸಿಲು ಕಂಡಲ್ಲಿ, ದಾರವನ್ನು ಉಗುರಿನಿಂದ ಮೀಟಿ. ಪುಡಿಯಾಗಿ ಎದ್ದು ಬಂದರೆ ಬಟ್ಟೆಯೂ ಮುಗಿದಿದೆ ಎಂದೇ ಅರ್ಥ. ಹೊಸ ಬಟ್ಟೆಯ ಖರ್ಚು ಹಳೆಯ ಗ್ಲೈಡರಿನ ಬೆಲೆಯನ್ನೇ ಮೀರುತ್ತದೆ.

ತಂತಿಗಳಲ್ಲಿ ಮುಖ್ಯವಾದವು ತ್ರಿಕೋನದ ಬುಡದ ಮೂಲೆಗಳಿಂದ ಕ್ರಾಸ್‌ಬಾರಿಗೆ ಹೋಗುವ ಕೆಳಬದಿಯ ತಂತಿಗಳು. ಹಾರಾಟದ ಪೂರ್ತಿ ಹೊರೆ ಅವುಗಳ ಮೇಲೆ. ತಾಮ್ರದ ಸ್ಲೀವ್ ಒತ್ತಿ ಕೂರಿಸಿದ ಜಾಗಕ್ಕೆ ಹೊಂದಿದ ಒಂದು ಅಂಗುಲವನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ. ತಂತಿ ಪ್ರತಿ ಸಲ ಮಡಚಿಕೊಳ್ಳುವುದು ಅಲ್ಲೇ, ಮೊದಲ ಎಳೆ ಕಡಿಯುವುದೂ ಅಲ್ಲೇ. ಪ್ಲಾಸ್ಟಿಕ್ ಹೊದಿಕೆಯಿದ್ದರೆ ಒಳಗಿನ ತುಕ್ಕು, ಕಡಿದ ಎಳೆ ಕಾಣುವುದಿಲ್ಲ. ಬೆರಳಿಗೆ ಉಬ್ಬು ಸಿಕ್ಕರೆ ಅನುಮಾನಿಸಿ. ಒಂದು ಎಳೆ ಕಡಿದಿದ್ದರೂ ತಂತಿ ಬದಲಿಸಬೇಕು. ಚೆನ್ನಾಗಿ ಕಂಡರೂ ಕೊಂಡ ಮೇಲೆ ಈ ಎರಡು ತಂತಿ ಮತ್ತು ನಿಮ್ಮನ್ನು ರೆಕ್ಕೆಗೆ ತೂಗಿಸುವ ಹ್ಯಾಂಗ್ ಲೂಪ್ ಪಟ್ಟಿಯನ್ನು ಹೊಸದು ಹಾಕಿ, ಮುಂದೆ ವರ್ಷಕ್ಕೊಮ್ಮೆ ಬದಲಿಸುತ್ತಿರಿ. ಒಟ್ಟು ಗ್ಲೈಡರಿನಲ್ಲಿ ಅತಿ ಕಡಿಮೆ ಖರ್ಚಿನ ಭಾಗಗಳು ಇವು.

ಕೊಳವೆಗಳನ್ನು ಉದ್ದಕ್ಕೆ ಕಣ್ಣಿಟ್ಟು ನೋಡಿ, ಅಂಗೈ ಸವರಿ. ಬಟ್ಟೆಯೊಳಗಿನ ಲೀಡಿಂಗ್ ಎಡ್ಜ್ ಕಾಣದ್ದರಿಂದ ಜಿಪ್ ತೆರೆದು ಕೈ ಹಾಕಬೇಕು. ಜೀಪಿನ ಕ್ಯಾರಿಯರಿಗೆ ಹಗ್ಗ ಬಿಗಿದು ಕಟ್ಟಿದ ಕಡೆ ತಗ್ಗು ಬೀಳುವುದು ಸಾಮಾನ್ಯ. ಕಡಲತೀರದ ಗ್ಲೈಡರ್ ಆಗಿದ್ದರೆ ಒಳಗೆ ಬಿಳಿ ಪುಡಿಯಂಥ ಉಪ್ಪಿನ ಸವಕಲು ಇರಬಹುದು. ಬ್ಯಾಟನ್‌ಗಳನ್ನು ಹೊರತೆಗೆದು ತಯಾರಕರ ನಕ್ಷೆಯ ಮೇಲೆ ಒಂದೊಂದಾಗಿ ಇಡಿ. ನಕ್ಷೆಯಿಂದ 6 ಮಿಲಿಮೀಟರಿಗಿಂತ ಹೆಚ್ಚು ಆಚೀಚೆ ಆದದ್ದನ್ನು ಮೊಣಕಾಲಿಗೊತ್ತಿ ಸರಿಮಾಡಬಹುದು. ಎಡ, ಬಲದ ಜೋಡಿಗಳು ಒಂದರ ಮೇಲೊಂದು ಕೂರಬೇಕು.

ಕೊನೆಗೆ ಕಾಗದಪತ್ರ: ಕೈಪಿಡಿ, ಬ್ಯಾಟನ್ ನಕ್ಷೆ. ಇವೆರಡೂ ಇಲ್ಲವೆಂದರೆ ತಯಾರಕರಿಂದ ತರಿಸಿಕೊಂಡ ಮೇಲೆಯೇ ಹಾರಿ.

ಪ್ರಶ್ನೆ: ಇಷ್ಟು ಸುರಕ್ಷಿತವಾಗಿ ಮಾಡಿದ ಗ್ಲೈಡರಿನಲ್ಲೂ ಅಪಘಾತ ಆಗುವುದೇಕೆ?
— ಓದುಗರು, ಕಾರವಾರ

ಉತ್ತರ: ವಿನ್ಯಾಸ ತಡೆಯಲಾರದ ಕೆಲವು ಮರೆವುಗಳಿವೆ. ಒಂದು, ಕ್ಯಾರಬೈನರನ್ನು, ಅಂದರೆ ಹಾರ್ನೆಸ್ಸಿನ ಲೋಹದ ಕೊಂಡಿಯನ್ನು, ಹ್ಯಾಂಗ್ ಲೂಪಿಗೆ ಸಿಕ್ಕಿಸದೆ ಓಡುವುದು. ಎರಡು, ಹಾರ್ನೆಸ್ಸಿನ ಕಾಲಿನ ಪಟ್ಟಿಯೊಳಗೆ ಕಾಲು ಹಾಕದಿರುವುದು; ನೆಲ ಬಿಟ್ಟ ಕೂಡಲೇ ಮೈ ಹಾರ್ನೆಸ್ಸಿನಿಂದ ಜಾರುತ್ತದೆ. ಮೂರು, ಕ್ರಾಸ್‌ಬಾರನ್ನು ಹಿಂದಕ್ಕೆ ಎಳೆದು ಕೀಲ್‌ಗೆ ಸಿಕ್ಕಿಸುವ ಕೊಂಡಿ ಅರೆಬರೆ ಕೂತಿರುವುದು. ಅದು ಕಳಚಿದರೆ ರೆಕ್ಕೆ ಮಡಚಿಕೊಳ್ಳುತ್ತದೆ.

ಮೊದಲೆರಡಕ್ಕೆ ಮದ್ದು ತೂಗಿ ನೋಡುವುದು. ಗ್ಲೈಡರಿಗೆ ಸಿಕ್ಕಿಸಿಕೊಂಡು, ಜೊತೆಗಾರರು ಮೂತಿಯ ತಂತಿ ಹಿಡಿದಿರುವಾಗ ಪೂರ್ತಿ ಮಲಗಿ ತೂಗಿ. ಕ್ಯಾರಬೈನರ್ ಮುಖ್ಯ ಪಟ್ಟಿ, ಬದಲಿ ಪಟ್ಟಿ ಎರಡನ್ನೂ ಹಿಡಿದಿದೆಯೇ, ಬೀಗ ತಿರುಗಿದೆಯೇ, ಕಾಲಿನ ಪಟ್ಟಿ ಬಿಗಿಯಾಗಿ ಎಳೆಯುತ್ತಿದೆಯೇ, ಎದೆ ಬೇಸ್‌ಬಾರಿಗೆ ತಾಗದೆ ಒಂದು ಅಂಗೈ ಮೇಲಿದೆಯೇ ನೋಡಿಕೊಳ್ಳಿ. ಆಮೇಲೆ ಯಾವುದೇ ಕಾರಣಕ್ಕೆ ಕಳಚಿಕೊಂಡು ಹೊರಬಂದರೆ, ಹೆಲ್ಮೆಟ್ ತರಲು ಎರಡು ಹೆಜ್ಜೆ ಹೋಗಿ ಬಂದರೂ, ಮತ್ತೆ ತೂಗಿ ನೋಡಬೇಕು. ಓಡುವ ಕೊನೆಯ ಕ್ಷಣದಲ್ಲಿ ಗ್ಲೈಡರನ್ನು ತುಸು ಮೇಲೆತ್ತಿ ಕಾಲಿನ ಪಟ್ಟಿ ಎಳೆಯುವುದನ್ನು ತೊಡೆಗೆ ಅನುಭವಿಸಿಯೇ ಹೊರಡಿ.

ಮೂರನೆಯದಕ್ಕೆ, ಜೋಡಿಸಿದ ಮೇಲೆ ಮೂತಿಯಿಂದ ಶುರುಮಾಡಿ ಎಡ ತುದಿ, ಕೀಲ್‌ನ ಹಿಂಬದಿ, ಬಲ ತುದಿ, ಮತ್ತೆ ಮೂತಿ ಹೀಗೆ ಒಂದು ಸುತ್ತು ಬನ್ನಿ. ಪ್ರತಿ ಪಿನ್ನನ್ನೂ ಕೈಯಿಂದ ಮುಟ್ಟಿ. ನಡುವೆ ಯಾರಾದರೂ ಮಾತಾಡಿಸಿದರೆ ಬಿಟ್ಟಲ್ಲಿಂದ ಮುಂದುವರಿಸಬೇಡಿ, ಮೂತಿಯಿಂದಲೇ ಮತ್ತೆ ಶುರುಮಾಡಿ.